ನೀವು ಎದ್ದು ನಿಂತ ಆ ಭಾನುವಾರ

ಪ್ರೀತಿಯ ಅತ್ತೆ,

ಮೊನ್ನೆ ಕ್ರೋಂಪೇಟೆಯ ನಮ್ಮ ಹಳೆಯ ಬೀದಿಯಲ್ಲಿ ಹಾದುಹೋದೆ. ಆ ಸಾಲುಮನೆಗಳನ್ನು ಕೆಡವಿ ಯಾರೋ ಮೂರಂತಸ್ತು ಎತ್ತುತ್ತಿದ್ದಾರೆ. ನಮ್ಮ ಒಂದು ಕೋಣೆ, ಒಂದು ಅಡುಗೆಮನೆ ಇದ್ದ ಜಾಗದಲ್ಲಿ ಜಲ್ಲಿ ಸುರಿದಿದ್ದಾರೆ. ದುಃಖವಾಗಬೇಕಿತ್ತೇನೋ, ಆಗಲಿಲ್ಲ. ಅದರೊಳಗೆ ನಾವಿಬ್ಬರೂ ಎಷ್ಟು ಕಾಲ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಳ್ಳುತ್ತಾ ಕೂತಿದ್ದೆವು ಅತ್ತೆ? ಗೋಡೆ ಹೋದದ್ದು ನೋಡಿ ನನಗೆ ಮೊದಲು ಅನ್ನಿಸಿದ್ದು, ಅಬ್ಬಾ, ಇಷ್ಟು ಸಣ್ಣ ಜಾಗವೇ, ಎಂದು.

ನಿಮ್ಮ ಮಗ ತೀರಿಕೊಂಡ ಮೇಲೆ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದ ಆ ಬೆಳಿಗ್ಗೆ ನಿಮಗೆ ನೆನಪಿದೆಯೇ? ತೊಂಬತ್ತೆಂಟರ ಬೇಸಿಗೆ. ಡಾಕ್ಟರು ತಮಿಳಿನಲ್ಲಿ ಬೇಗಬೇಗ ಹೇಳುತ್ತಿದ್ದರು. ಮದುವೆಯಾಗಿ ಮೈಸೂರು ಕಡೆಯಿಂದ ಬಂದು ನನಗೆ ಎರಡು ವರ್ಷವೂ ಆಗಿರಲಿಲ್ಲ, ಅರ್ಧ ಅರ್ಥವಾಗುತ್ತಿತ್ತು. ನೀವು ರೈಲ್ವೆಯವರ ಹೆಂಡತಿಯಾಗಿ ಈ ಊರಿನಲ್ಲಿ ಮುದುಕಿಯಾದವರು. “ಏನಂತೆ ಅತ್ತೆ?” ಎಂದು ಕೇಳಿದೆ. ನೀವು ನನ್ನ ಮುಖ ನೋಡಲಿಲ್ಲ. “ನಿಂಗೂ ಇದೆಯಂತೆ ಕಣವ್ವ” ಅಂದಿರಿ. ಇದಕ್ಕೆ ಔಷಧಿ ಹೊರದೇಶದಲ್ಲಿದೆ, ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ, ಚೆನ್ನಾಗಿ ಊಟ ಮಾಡಿಸಿ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ನೀವು ಕನ್ನಡಕ್ಕೆ ತಿರುಗಿಸಲೇ ಇಲ್ಲ. ಅಷ್ಟು ತಮಿಳು ನನಗೆ ಬರುತ್ತಿತ್ತು.

ನಿಮ್ಮ ಮಗ ಪ್ರಭಾಕರ ಸತ್ತದ್ದು ಟಿ.ಬಿ.ಯಿಂದ ಎಂದು ನಮ್ಮ ಚರ್ಚಿನ ಸಭೆಯವರಿಗೆ ಹೇಳಿದ್ದು ನೀವೇ. ಪೂರ್ತಿ ಸುಳ್ಳೇನೂ ಅಲ್ಲ, ಕೊನೆಗೆ ಅದೂ ಬಂದಿತ್ತು. ರೋಗ ಎಲ್ಲಿಂದ ತಂದರೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಸ್ಟೇಷನ್ ಗೋಡೆಗಳ ಮೇಲೆಲ್ಲ ಆಗ ಏಡ್ಸ್ ಪೋಸ್ಟರು, ತಲೆಬುರುಡೆಯ ಚಿತ್ರ. ಅದರ ಪಕ್ಕದಲ್ಲೇ ನಿಂತು ನಾವಿಬ್ಬರೂ ರೈಲಿಗೆ ಕಾಯುತ್ತಿದ್ದೆವು. ತಮಿಳರ ಚರ್ಚಿನ ಪಕ್ಕದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ನಮ್ಮ ಕನ್ನಡ ಸಭೆಯಲ್ಲಿ ಪಾದ್ರಿ ಅಯ್ಯನವರು ಒಂದು ದಿನ ಈ ರೋಗದ ಬಗ್ಗೆಯೇ ಪ್ರಸಂಗ ಮಾಡಿದರು. ದೇವರು ತಪ್ಪು ಮಾಡಿದವರನ್ನು ಹುಡುಕಿ ಹೊಡೆಯುತ್ತಿದ್ದಾನೆ ಅಂದರು. ಎಲ್ಲರೂ ಆಮೆನ್ ಅಂದರು. ನೀವೂ ಅಂದಿರಿ, ತುಟಿ ಮಾತ್ರ ಅಲ್ಲಾಡಿತು.

ಆಮೇಲೆ ಅಯ್ಯನವರ ಹೆಂಡತಿ ನಮ್ಮ ಮನೆಗೆ ಬಂದದ್ದು. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ವಿಷಯ ತೆಗೆದರು. “ಇಪ್ಪತ್ತೈದು ವರ್ಷದ ಹುಡುಗೀನ ಹೀಗೇ ಕೂರಿಸ್ಕೋತೀರಾ? ನಮ್ಮ ಜಯಶೀಲ ಇದಾನಲ್ಲ, ಬೆಸೆಂಟ್ ನಗರದವನು, ಇನ್ಶೂರೆನ್ಸ್ ಕಂಪನೀಲಿ ಕೆಲಸ. ಹೆಂಡತಿ ಹೋಗಿ ಎರಡು ವರ್ಷ ಆಯ್ತು. ಅವನ ಮಗು ಸಂಡೇ ಸ್ಕೂಲಲ್ಲಿ ಲೀಲಾನ ಸೆರಗು ಬಿಡಲ್ಲ. ಇನ್ನೇನು ಬೇಕು?” ನಾನು ಬೇಡ ಅಂದೆ. ಅವರು ನಕ್ಕರು. “ಹುಡುಗೀರು ಮೊದಲು ಹಾಗೇ ಅನ್ನೋದು” ಅಂದರು. ಮತ್ತೆ ಮತ್ತೆ ಬೇಡ ಅಂದೆ. ನನ್ನ ‘ಬೇಡ’ ಯಾರಿಗೂ ಬೇಡ ಎಂದು ಕೇಳಿಸಲೇ ಇಲ್ಲ. ಅವರು ನೇರವಾಗಿ ನಮ್ಮ ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ಅಪ್ಪ ಬೂತಿನ ಫೋನಿಗೆ ಕರೆಸಿ, “ಒಪ್ಕೊಂಡಿದೀನಿ ಕಣವ್ವ. ದೇವರು ದೊಡ್ಡವನು” ಎಂದು ಅತ್ತುಬಿಟ್ಟರು. ಏನು ಹೇಳಲಿ ನಾನು? ಬೂತಿನವನು ಪಕ್ಕದಲ್ಲೇ ನಿಂತಿದ್ದ.

ಅಡುಗೆಮನೆಯಲ್ಲಿ ನೀವು ಹುರುಳಿಕಾಯಿ ಸೋಸುತ್ತಾ ಕೇಳಿದ್ದು ಹಾಗೇ ಕಿವಿಯಲ್ಲಿದೆ.

“ಹೇಳ್ಬಿಡೋಣ್ವಾ?”

“ಹೇಳಿದ್ರೆ ಎಲ್ಲಿಗೆ ಹೋಗೋದು ಅತ್ತೆ? ಊರಲ್ಲಿ ತಂಗಿ ಮದುವೆಗಿದಾಳೆ. ಸ್ಕೂಲಲ್ಲಿ ಪುಟ್ಟ ಮಕ್ಕಳಿಗೆ ಪಾಠ ಮಾಡ್ತೀನಿ, ಇಟ್ಕೋತಾರಾ? ಈ ಮನೆ ಓನರ್ ಇರಕ್ಕೆ ಬಿಡ್ತಾನಾ?”

“ಮತ್ತೆ ಆ ಹುಡುಗ?”

“ನಾನು ಬೇಡ ಅಂತಾನೇ ಇರ್ತೀನಿ. ನೀವು ಮಾತ್ರ ಹೇಳ್ಬೇಡಿ.”

ನೀವು ಹೂಂ ಅಂದಿರಿ. ಅಂದಿರಲ್ಲವೇ ಅತ್ತೆ? ನಾನು ಕನಸು ಕಂಡದ್ದಲ್ಲವಲ್ಲ?

ಆ ಭಾನುವಾರ ಪ್ರಭು ಭೋಜನವಿತ್ತು, ಸಭೆಯವರೆಲ್ಲ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ದಿನ. ಒಬ್ಬೊಬ್ಬರೇ ಎದ್ದು ನಿಂತು ಸಾಕ್ಷಿ ಹೇಳುವ ಸಮಯದ ನಂತರ ನನ್ನ ಮದುವೆಯ ನಿಶ್ಚಯವನ್ನು ಸಭೆಗೆ ತಿಳಿಸುತ್ತಾರೆಂದು ನಮಗೆ ಗೊತ್ತಾದದ್ದೇ ಬಾಗಿಲಲ್ಲಿ. ಜಯಶೀಲ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಮಗು. ನಾನು ಎದ್ದು ಓಡಲೇ, ಕೂಗಲೇ ಎಂದುಕೊಳ್ಳುವಾಗಲೇ ನೀವು ಬೆಂಚಿನ ಹಿಡಿ ಹಿಡಿದು ಎದ್ದು ನಿಂತಿರಿ.

“ನನ್ನ ಮಗ ಟಿ.ಬಿ.ಯಿಂದ ಸತ್ತ ಅಂತ ನಿಮಗೆಲ್ಲ ಹೇಳಿದ್ದೆ. ಅವನು ಸತ್ತಿದ್ದು ಏಡ್ಸ್‌ನಿಂದ. ಈ ಹುಡುಗಿಗೂ ಅವನಿಂದ್ಲೇ ಬಂದಿದೆ. ಇವಳ ತಪ್ಪು ಏನೂ ಇಲ್ಲ. ಜಯಶೀಲ, ತಾಯಿ ಇಲ್ಲದ ಕೂಸು ಇಟ್ಕೊಂಡಿದೀಯ ನೀನು. ನಿಂಗೆ ತಿಳೀದೇ ಇರಬಾರದು. ಬಾಯಿ ಮುಚ್ಕೊಂಡು ಈ ಪಾತ್ರೆ ಮುಟ್ಟಕ್ಕೆ ನನ್ನ ಕೈಲಿ ಆಗಲ್ಲ ಅಯ್ಯನವರೇ.”

ಜಯಶೀಲ ಮಗುವಿನ ಕೈಹಿಡಿದು ಎದ್ದರು, ನಮ್ಮತ್ತ ನೋಡದೆ ಹೊರಟುಹೋದರು. ಮಗು ಮಾತ್ರ ತಿರುಗಿ ತಿರುಗಿ ನೋಡಿತು. ಅಯ್ಯನವರು ಆಶೀರ್ವಾದವನ್ನು ಅವಸರದಲ್ಲಿ ಮುಗಿಸಿದರು. ಅವತ್ತು ಪ್ರಭು ಭೋಜನ ನಡೆಯಲೇ ಇಲ್ಲ. ನೀವು ಮಾತ್ರ ಭಾರ ಇಳಿಸಿಟ್ಟವರಂತೆ ಕೂತುಕೊಂಡಿರಿ. ಆ ಭಾರ ಇಳಿದದ್ದು ಯಾರ ತಲೆಯ ಮೇಲೆ, ಅತ್ತೆ?

ಒಂದೊಂದೇ ಬಾಗಿಲು ಮುಚ್ಚಿತು. ಸ್ಕೂಲಿನವರು ಸದ್ಯಕ್ಕೆ ಬರಬೇಡಿ ಅಂದರು. ಅಪ್ಪನೂ ಅದೇ ಮಾತು, ಸದ್ಯಕ್ಕೆ ಬರಬೇಡ ಮಗಳೇ. ಸದ್ಯ ಅನ್ನುವುದು ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೊಡ ಹಿಡಿದು ಸಾಲಿನ ನಲ್ಲಿಗೆ ಹೋದರೆ ಪಕ್ಕದ ಮನೆಯಾಕೆ ಅಡ್ಡ ನಿಂತು, “ಇಂಗೆ ತಣ್ಣಿ ಪಿಡಿಕ್ಕಾದೀಂಗ” ಅಂದಳು. ಇಲ್ಲಿ ನೀರು ಹಿಡಿಯಬೇಡಿ ಎಂದು ನೀವು ಕನ್ನಡಕ್ಕೆ ತಿರುಗಿಸಿ ಹೇಳುವ ಅಗತ್ಯ ಅವತ್ತು ಇರಲಿಲ್ಲ. ನೀರಿಗೆ ನೀವೇ ಬೀದಿ ಕೊನೆಗೆ ಬರುವ ನೀರಿನ ಲಾರಿಗೆ ಹೋಗುತ್ತಿದ್ದಿರಿ. ನಾನು ಕಿಟಕಿ ಮುಚ್ಚಿಕೊಂಡು ಒಳಗೆ. ಚರ್ಮದ ಕಾರ್ಖಾನೆಯ ವಾಸನೆ, ಬೆವರು, ರೈಲಿನ ಸದ್ದು. ಅಷ್ಟು ರೈಲು ಹೋಗುತ್ತಿದ್ದವು, ಯಾವುದನ್ನು ಹತ್ತಿ ಎಲ್ಲಿಗೆ ಹೋಗಬೇಕಿತ್ತು ನಾನು? ಸಿಟ್ಟಿನಿಂದ ಮಾತು ಬಿಡಬೇಕೆಂದರೂ ಆ ಕೋಣೆಯಲ್ಲಿ ಬೇರೆ ಯಾರಿದ್ದರು? ಬೈದರೂ ನಿಮ್ಮನ್ನೇ ಬೈಯಬೇಕು, ಅತ್ತರೂ ನಿಮ್ಮ ಮುಂದೆಯೇ.

ಮುಂದಿನ ಪ್ರಭು ಭೋಜನದ ದಿನ ಅಯ್ಯನವರು ಮೆಲ್ಲಗೆ ಬಂದು, “ನೀವಿಬ್ಬರೂ ಕೊನೆಗೆ ಬನ್ನಿ ತಾಯಿ, ಜನ ಹೆದರ್ತಾರೆ” ಅಂದರು. ನಾನು ಹೋಗುವುದೇ ಬೇಡ ಅಂದೆ, ನೀವು ಬಿಡಲಿಲ್ಲ. ಎಲ್ಲರೂ ಮುಗಿಸಿ ಕೂತ ಮೇಲೆ ನನ್ನ ಕೈಹಿಡಿದು ಮುಂದೆ ಕರೆದೊಯ್ದಿರಿ. ಅಯ್ಯನವರು ಪಾತ್ರೆಯನ್ನು ಮೊದಲು ನಿಮ್ಮತ್ತ ಚಾಚಿದರು. ನೀವು ಹಿಂದೆ ಸರಿದು ನನ್ನನ್ನು ಮುಂದೆ ಬಿಟ್ಟಿರಿ. ನನ್ನ ತುಟಿ ಮುಟ್ಟಿದ ಜಾಗದಲ್ಲೇ ನಿಮ್ಮ ತುಟಿ ಇಟ್ಟು ಕುಡಿದಿರಿ. ಇಡೀ ಸಭೆ ನೋಡುತ್ತಿತ್ತು. ಅದನ್ನು ಪ್ರೀತಿ ಅನ್ನಲೋ, ಹಟ ಅನ್ನಲೋ, ವಿಶ್ವಾಸ ಅನ್ನಲೋ...

ಒಂದು ಮಧ್ಯಾಹ್ನ ನಾನು ಕೇಳಿಯೇ ಬಿಟ್ಟೆ. “ಅದು ನನ್ನ ಮೈಯ ವಿಷಯ ಅಲ್ವಾ ಅತ್ತೆ? ಹೇಳಲ್ಲ ಅಂತ ಒಪ್ಪಿದ್ರಲ್ಲ?” “ತಪ್ಪು ಮಾಡ್ದೆ ಅಂದ್ರೆ ಸುಳ್ಳಾಗುತ್ತೆ ಕಣವ್ವ. ಸರಿ ಮಾಡ್ದೆ ಅಂದ್ರೆ ನಿನ್ನ ಮುಖ ನೋಡಕ್ಕಾಗಲ್ಲ. ಆ ಕೂಸು ಕಣ್ಣ ಮುಂದೆ ಕೂತಿತ್ತು, ಬಾಯಿ ತಡೀಲಿಲ್ಲ” ಅಂದಿರಿ. ಆಮೇಲೆ, “ನಿನ್ನ ನಾನು ಬಿಡಲ್ಲ” ಅಂದಿರಿ. ಆವತ್ತು ಅದು ನನಗೆ ಸಮಾಧಾನದ ಮಾತಾಗಿ ಕೇಳಿಸಲಿಲ್ಲ. ಚಿಲಕ ಹಾಕಿದ ಹಾಗೆ ಕೇಳಿಸಿತು.

ಎಲ್ಲರೂ ನಾನು ಸಾಯುವುದನ್ನು ಕಾಯುತ್ತಿದ್ದರು. ನೀರಿನ ಕೊಡ ಇಳಿಸಿ, ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತವರು ನೀವು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಸಭೆಯಿಂದ ಬೆರಳೆಣಿಕೆಯ ಜನ ಬಂದರು, ಅವರೂ ಮನೆಯ ಒಳಗೆ ಕಾಲಿಡಲಿಲ್ಲ. ಪೆಟ್ಟಿಗೆ ಎತ್ತಲು ಕೈ ಸಾಲದೆ ನಿಂತಿದ್ದಾಗ ಬೆಸೆಂಟ್ ನಗರದಿಂದ ಜಯಶೀಲ ಬಂದರು. ನೇರವಾಗಿ ಒಳಗೆ ಬಂದು, ತಲೆಯ ಕಡೆಯ ಒಂದು ಮೂಲೆಗೆ ಹೆಗಲು ಕೊಟ್ಟರು. ಸಮಾಧಿಯ ಹತ್ತಿರ ನನಗೆ, “ಇಷ್ಟು ದಿನ ಬರಕ್ಕೆ ಹೆದರಿದ್ದೆ ಲೀಲಮ್ಮ. ರೋಗಕ್ಕಲ್ಲ, ಈ ತಾಯಿ ಎದುರು ನಿಂತ್ಕೊಳ್ಳಕ್ಕೆ” ಅಂದರು. ಅವರು ಆಮೇಲೆ ಬೇರೆ ಮದುವೆಯಾದರು. ಚೆನ್ನಾಗಿದ್ದಾರೆ.

ನೀವು ಕೇಳದ ಸುದ್ದಿ ಬಹಳ ಇದೆ. ಆ ಔಷಧಿ ಬಂತು ಅತ್ತೆ. ತಾಂಬರಂ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ, ಈ ಊರು ಬಿಟ್ಟು ಹೆಚ್ಚು ದಿನ ಎಲ್ಲೂ ಹೋಗುವ ಹಾಗಿಲ್ಲ. ಆ ಹಗ್ಗಕ್ಕೆ ಕಟ್ಟಿಕೊಂಡೇ ಬದುಕಿದ್ದೇನೆ. ಅಲ್ಲೇ ಒಂದು ಕೆಲಸವೂ ಸಿಕ್ಕಿದೆ. ಹೊಸೂರು ಕಡೆಯಿಂದ ಬರುವ ಕನ್ನಡದ ಹೆಂಗಸರ ಪಕ್ಕ ಕೂತು, ಡಾಕ್ಟರು ಹೇಳಿದ್ದನ್ನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳುತ್ತೇನೆ. ಹೋದ ವಾರ ಸೊಸೆಯನ್ನು ಕರೆತಂದಿದ್ದ ಅತ್ತೆಯೊಬ್ಬರು ಕಣ್ಣೊರೆಸಿಕೊಳ್ಳುತ್ತಾ, ಅವಳ ವಿಷಯ ತಮ್ಮ ಸಭೆಯಲ್ಲಿ ಹೇಳಿ ಪ್ರಾರ್ಥನೆ ಮಾಡಿಸಲೇ ಎಂದು ಕೇಳಿದರು. “ಸೊಸೇನ ಕೇಳಿ ಅಮ್ಮ. ಅವಳು ಬೇಡ ಅಂದ್ರೆ ಬೇಡ” ಅಂದೆ. ನಿಮಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತು. ಇದರಲ್ಲಿ ನಾನು ನಿಮ್ಮ ಕಡೆಗಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ. ಆದರೆ ಆ ಸೊಸೆಯ ಕೈಯನ್ನು ಅವರು ಬಿಟ್ಟಿರಲಿಲ್ಲ ನೋಡಿ, ಅದನ್ನೇ ನೋಡುತ್ತಾ ಕೂತುಬಿಟ್ಟೆ.

ಬರೆಯಲು ಕೂತದ್ದು ಇದಕ್ಕಲ್ಲ. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ಬೈತಲೆ ತೆಗೆಯುವಾಗ ಕಂಡೆ, ಕಿವಿಯ ಮೇಲೆ ಒಂದಲ್ಲ, ನಾಲ್ಕೈದು ಬಿಳಿ ಕೂದಲು. ಮೂವತ್ತು ತುಂಬುವುದನ್ನು ನೋಡುವುದಿಲ್ಲ ಎಂದುಕೊಂಡಿದ್ದವಳು ನಾನು. ನಕ್ಕುಬಿಟ್ಟೆ, ಒಬ್ಬಳೇ, ಗಟ್ಟಿಯಾಗಿ. ಯಾರಿಗಾದರೂ ಹೇಳಬೇಕೆನಿಸಿತು. ನಿಮ್ಮನ್ನು ಬಿಟ್ಟರೆ ಇದರ ಬೆಲೆ ಇನ್ಯಾರಿಗೆ ಗೊತ್ತಾಗಬೇಕು ಅತ್ತೆ? ಬಣ್ಣ ಹಚ್ಚುವುದಿಲ್ಲ, ಮಾತು ಕೊಡುತ್ತೇನೆ. ಮುದುಕಿಯಾಗುತ್ತೇನೆ.

ನಿಮ್ಮ ಸೊಸೆ,
ಲೀಲಾ