ನಮ್ಮಪ್ಪನ ರಕ್ತದೊತ್ತಡ ಅಳೆದವರು ಯಾರು?

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿಗೆ ರಕ್ತದೊತ್ತಡ ಬರುವ ಸಂಭವ ಕಡಿಮೆ ಎಂದು ನಿಮ್ಮ ಇಲಾಖೆ ಭವಿಷ್ಯ ನುಡಿದಿದೆ. ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಿ. ಪುರುಸೊತ್ತಿಲ್ಲದಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಡಿ. ನನ್ನ ಅಹವಾಲು ಇಷ್ಟೇ. ಪುರುಸೊತ್ತಿದ್ದರೆ ಒಂದು ಹಳೆಯ ಸಾವಿನ ಕಥೆ ಕೇಳಿ.

ತಂಗಿ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಕಳೆದ ವರ್ಷ ನಿಮ್ಮ ಕಾರ್ಯಕರ್ತೆ ಟ್ಯಾಬ್ ಹಿಡಿದು ಅಲ್ಲಿಗೆ ಬಂದರು. ಯಾರಿಗೆ ಮುಂದೆ ಬಿಪಿ ಬರಬಹುದೆಂದು ಮೊದಲೇ ಕಂಡುಹಿಡಿಯುವ ಯೋಜನೆಯಂತೆ. ಒಳ್ಳೆಯ ಯೋಜನೆ, ಕೊಂಕಿಲ್ಲದೆ ಹೇಳುತ್ತಿದ್ದೇನೆ. ತೂಕ, ವಯಸ್ಸು, ಉಪ್ಪು, ನಿದ್ದೆ ಎಲ್ಲ ವಿಚಾರಿಸಿ, "ಅಕ್ಕಾ, ನಿಮ್ಮ ತಂದೆಗೆ ಬಿಪಿ ಇತ್ತಾ?" ಎಂದರು.

"ಎಲ್ಲಿ ಬಂತಮ್ಮ? ನಮ್ಮಪ್ಪ ಗುಂಡುಕಲ್ಲು. ಒಂದಿನ ಮಾತ್ರೆ ನುಂಗಿದೋರಲ್ಲ."

ಟ್ಯಾಬ್‌ನಲ್ಲಿ ಹಸಿರು ಬಣ್ಣ ಬಂತು. ಅಪಾಯ ಕಡಿಮೆ, ಮುಂದಿನ ತಪಾಸಣೆ ಐದು ವರ್ಷದ ನಂತರ.

ಆ ಗುಂಡುಕಲ್ಲು ನಲವತ್ತೆಂಟನೇ ವಯಸ್ಸಿನಲ್ಲಿ ನಲ್ಲಿಯ ಹತ್ತಿರ ಬಿದ್ದಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಕೈ ಏಳಲಿಲ್ಲ. ಲಕ್ವ ಹೊಡೆಯಿತು ಅಂದರು ಊರವರು. ಲಕ್ವಕ್ಕೆ ಬಿಪಿಯೇ ದೊಡ್ಡ ಕಾರಣವೆಂದು ನಿಮಗೆ ನಾನು ಹೇಳಬೇಕಿಲ್ಲ. ಹೆಚ್ಚು ದಿನ ಉಳಿಯಲಿಲ್ಲ. ಬದುಕಿದ್ದಷ್ಟು ಕಾಲ ಆ ತೋಳಿಗೆ ಪಟ್ಟಿ ಸುತ್ತಿ ಅಳೆದವರು ಯಾರೂ ಇಲ್ಲ. ಅಳೆಯದ್ದನ್ನು ನಿಮ್ಮ ಯಂತ್ರ 'ಇಲ್ಲ' ಎಂದು ಬರೆದುಕೊಂಡಿತು. ಇದೇ ನ್ಯಾಯವಾದರೆ, ವೈದ್ಯರ ಮುಖವನ್ನೇ ಕಾಣದೆ ಸತ್ತವರೆಲ್ಲ ನಿಮ್ಮ ಲೆಕ್ಕದಲ್ಲಿ ಆರೋಗ್ಯವಂತರಾಗಿಯೇ ಸತ್ತವರು. ಅವರ ಮಕ್ಕಳೆಲ್ಲ ಸುರಕ್ಷಿತರು. ಯಾವ ಹಣೆಬರಹ ಇಷ್ಟು ಉದಾರವಾಗಿತ್ತು, ಸ್ವಾಮಿ?

ಇನ್ನೂ ಒಂದು ಸ್ವಾರಸ್ಯವಿದೆ. ಅದೇ ಪ್ರಶ್ನೆಯನ್ನು ನನಗೂ ಕೇಳಿದ್ದರು. ನಾನು "ಇದ್ದಿರಬೇಕು" ಎಂದೆ. ನನಗೆ ಕೆಂಪು ಬಂತು. ಆರು ತಿಂಗಳಿಗೊಮ್ಮೆ ಕರೆದು ತೋಳು ಹಿಡಿದು ನೋಡುತ್ತಾರೆ. ಒಬ್ಬನೇ ಅಪ್ಪ; ಮಗನ ಅಂಕದಲ್ಲಿ ರೋಗಿ, ಮಗಳ ಅಂಕದಲ್ಲಿ ಜಟ್ಟಿ. ಬದುಕಿದ್ದಾಗ ರಂಗದ ಮೆಟ್ಟಿಲು ಹತ್ತದ ಮನುಷ್ಯನಿಗೆ ಸತ್ತ ಮೇಲೆ ನೀವು ದ್ವಿಪಾತ್ರ ಕೊಟ್ಟಿದ್ದೀರಿ.

ತಿದ್ದಿಸಲು ನಿಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯ ಗುಮಾಸ್ತರು ತಲೆಯೆತ್ತದೆ, "ಬಿಪಿ ಇತ್ತು ಅನ್ನೋಕೆ ದಾಖಲೆ ತನ್ನಿ ಯಜಮಾನ್ರೇ" ಎಂದರು.

"ಅಳೆದಿದ್ರೆ ತಾನೇ ದಾಖಲೆ?"

"ಹಾಗಾದ್ರೆ ಇಲ್ಲ ಅಂತಲೇ ಇರುತ್ತೆ."

"ಇರಲಿಲ್ಲ ಅನ್ನೋಕೆ ಏನು ದಾಖಲೆ ತಗೊಂಡ್ರಿ?"

"ನಿಮ್ಮ ತಂಗಿ ಬಾಯಲ್ಲೇ ಹೇಳಿದಾರಲ್ಲ. ಹಿಂದೆ ಜನ ನಿಂತಿದಾರೆ, ಸ್ವಲ್ಪ ಸರೀರಿ."

ಸರಿದೆ. ಜಗಳವಾಡುವ ಚೈತನ್ಯ ಈಗ ಉಳಿದಿಲ್ಲ.

ಈಚೆಗೆ ತಂಗಿ ಬೆಳಗ್ಗೆ ಎದ್ದಕೂಡಲೇ ತಲೆಗೆ ಬಟ್ಟೆ ಬಿಗಿದುಕೊಳ್ಳುತ್ತಾಳೆ. ಹಿಂದಲೆ ಸಿಡಿಯುತ್ತದಂತೆ. ಒಮ್ಮೆ ಪಟ್ಟಿ ಸುತ್ತಿಸಿಕೋ ಎಂದರೆ, "ಅದು ಇಸ್ತ್ರಿ ಕಾವಿಗೆ ಅಣ್ಣ. ಅಷ್ಟು ದೊಡ್ಡ ಆಫೀಸಿನೋರೇ ನಂಗೇನಿಲ್ಲ ಅಂದಿದಾರೆ. ನೀನು ನಾಟಕದ ಯಮನ ಥರ ಬಾಗಿಲಲ್ಲಿ ನಿಂತು ಗರ್ಜಿಸಬೇಡ" ಅನ್ನುತ್ತಾಳೆ. ಒಂದು ಹೊತ್ತು ರಜೆ ಹಾಕಿದರೆ ಸಂಬಳ ಮುರಿಯುತ್ತಾರೆ. ಅವಳಿಗೆ ಒಂದು ನೆಪ ಬೇಕಿತ್ತು, ನೀವು ಒದಗಿಸಿದಿರಿ. ಅವಳಿಗೀಗ ನಲವತ್ತೇಳು.

ಆದ್ದರಿಂದ ಕೇಳುತ್ತಿದ್ದೇನೆ. 'ಗೊತ್ತಿಲ್ಲ, ಯಾರೂ ಅಳೆದಿರಲಿಲ್ಲ' ಎಂಬುದನ್ನೂ ಒಂದು ಉತ್ತರವೆಂದು ಒಪ್ಪಿಕೊಳ್ಳಿ. ಹಾಗೆನ್ನುವವರ ತೋಳನ್ನು ಎಲ್ಲರಿಗಿಂತ ಮೊದಲು ನೋಡಿ. ಮತ್ತೆ, ಈ ವಾರವೇ ಆ ಕಾರ್ಯಕರ್ತೆ ಹುಡುಗಿಯನ್ನು ಲಾಂಡ್ರಿಗೆ ಇನ್ನೊಮ್ಮೆ ಕಳಿಸಿ. ಕ್ಷಮಾಪಣೆಯ ಪತ್ರ ಬೇಡ, ವಿವರಣೆ ಬೇಡ. "ಅಕ್ಕಾ, ನಮ್ಮದು ತಪ್ಪಾಯ್ತು, ಕೈ ಕೊಡಿ" ಎಂದರೆ ಸಾಕು. ನಾನು ಎಷ್ಟು ಕಿರುಚಿದರೂ ಚಾಚದ ಕೈಯನ್ನು ಅವಳು ನಿಮಗೆ ಚಾಚುತ್ತಾಳೆ. ಅವಳು ನಂಬಿರುವುದು ನಿಮ್ಮನ್ನು.

ಇಂತಿ,
ಮನೆಯಲ್ಲಿ ಮಾತು ನಡೆಯದ ಒಬ್ಬ ಅಣ್ಣ