ಅಜ್ಜಿಯ ಮಾಸ್ಕ್

ಅಣ್ಣನಿಗೆ,

"ಏನೇ, ಮಗಳ ಮದುವೆ ಕಾರ್ಡು ದಾರೀಲೇ ಕಳೆದುಹೋಯ್ತಾ?" ಎಂದು ನೀನು ನಿನ್ನೆ ಫೋನಿನಲ್ಲಿ ನಕ್ಕೆ. ಕಳೆದುಹೋಗಿಲ್ಲ. ನಿನಗೆ ಕಾರ್ಡು ಕಳಿಸಿಯೇ ಇಲ್ಲ.

ಸೋಂಕಿನ ವರ್ಷ ನಿನ್ನ ಮಗಳ ಮದುವೆಗೆ ಐವತ್ತೇ ಜನ ಎಂಬ ನಿಯಮವಿತ್ತು. ಐವತ್ತು ಮಾಸ್ಕ್ ಹೊಲಿದು, ಒಂದೊಂದರ ಮೇಲೂ ಅತ್ತೆ, ಮಾವ, ಚಿಕ್ಕಪ್ಪ ಎಂದು ದಾರದಲ್ಲಿ ಬರೆದುಕೊಟ್ಟವಳು ನಾನು. ಮದುವೆಯ ಹಿಂದಿನ ದಿನ 'ಅಜ್ಜಿ' ಎಂದಿದ್ದ ಮಾಸ್ಕ್ ವಾಪಸ್ ಬಂತು. "ಅಮ್ಮ ಮನೆಯಿಂದಲೇ ಹರಸ್ತಾಳೆ ಬಿಡು. ನಮ್ಮ ಆಫೀಸಿನ ಸಾಹೇಬರಿಗೊಂದು ಹೊಲಿದುಕೊಡು, ಬಟ್ಟೆ ಚೆನ್ನಾಗಿರಲಿ" ಎಂದೆ ನೀನು. ನಾನು ಹೊಲಿದುಕೊಟ್ಟೆ. ಆ ತಪ್ಪು ನನ್ನದು. ಆದರೆ ಮದುವೆಗೆ ಬರದೆ ಅಮ್ಮನ ಪಕ್ಕ ಕೂತೆ.

ಅಮ್ಮ ವಾಪಸ್ ಬಂದ ಮಾಸ್ಕನ್ನೇ ಕಟ್ಟಿಕೊಂಡು, ಮದುವೆಯ ನೇರಪ್ರಸಾರ ನೋಡಲು ನನ್ನ ಫೋನಿನ ಮುಂದೆ ಕೂತಳು. "ಮನೇಲಿ ಯಾಕಮ್ಮ ಇದು?" ಎಂದರೆ, "ಮದುವೆಗೆ ಬಂದಿದ್ದೀನಲ್ಲೇ, ನಿಯಮ ಪಾಲಿಸಬೇಡ್ವಾ?" ಎಂದಳು. ಗಂಡು ಹೆಣ್ಣಿನ ಕೈ ಹಿಡಿಯುವ ಹೊತ್ತಿಗೆ ಚಿತ್ರ ನಿಂತುಹೋಯಿತು. ನಿಂತ ಚಿತ್ರಕ್ಕೇ ಕೈಯೆತ್ತಿ ಹರಸಿದಳು. ನಮ್ಮ ಕುಟುಂಬದ ಮುಂದಿನ ಮದುವೆ ನೋಡಲು ಅವಳು ಉಳಿಯಲಿಲ್ಲ.

ಈಗ ಯಾವ ನಿಯಮವೂ ಇಲ್ಲ. ನಾವು ಹಿಡಿದಿರುವ ಸಭಾಂಗಣದಲ್ಲಿ ಎಂಟುನೂರು ಕುರ್ಚಿಗಳಿವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಫೋನಿಗೆ ಮದುವೆಯ ಲಿಂಕ್ ಬರುತ್ತದೆ. ಚಾರ್ಜ್ ಮಾಡಿಟ್ಟುಕೋ. ಈ ಲಕೋಟೆಯಲ್ಲಿ ಅಮ್ಮನ ಮಾಸ್ಕ್ ಇಟ್ಟಿದ್ದೇನೆ, ಅದನ್ನು ಕಟ್ಟಿಕೊಂಡು ನೋಡು.

ಸೋದರಮಾವ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಮನೆಯಿಂದಲೇ ಹರಸ್ತಾನೆ ಬಿಡಿ" ಎನ್ನುತ್ತೇನೆ.

ಇಂತಿ,
ನಿನ್ನ ಒಡಹುಟ್ಟಿದ ತಂಗಿ