ಪಂಚಮಿಯ ದಿನ ಕಂಡ ಮರಿ

ಜುಲೈ 29, ಮಂಗಳವಾರ. ಮಲಾಡ್.

ಬೆಳಗಿನಿಂದ ಒಂದು ಮಾತನ್ನು ಮುಚ್ಚಿಟ್ಟುಕೊಂಡಿದ್ದೇನೆ.

ನಾವಿರುವ ಈ ಸಾಲುಮನೆಗಳ ಚಾಳಿನ ಸಂಡಾಸು ಕಟ್ಟಿಕೊಂಡಿದೆ, ಹೆಂಗಸರೆಲ್ಲ ಹಿಂದಿನ ಗುಡ್ಡದ ಕಾಡಿಗೇ ಹೋಗುತ್ತೇವೆ. ಬೆಳಗ್ಗೆ ನಾನು ಹೋದಾಗ ಅಲ್ಲಿ ಕಲ್ಲಿನ ಪಕ್ಕ ನಾಗರಮರಿ ಇತ್ತು. ಕಿರುಬೆರಳಿನಷ್ಟು ದಪ್ಪ, ಆದರೂ ಹೆಡೆ ಎತ್ತಿತ್ತು. ಇವತ್ತು ನಾಗರಪಂಚಮಿ. ಊರು ಬಿಟ್ಟು ಒಂಬತ್ತು ವರ್ಷವಾದರೂ ಕೈ ತಾನಾಗಿ ಮುಗಿಯಿತು. ಚಾಳಿನಲ್ಲಿ ಹೇಳಿದರೆ ಗಂಡಸರು ಬಡಿಗೆ ಹಿಡಿದು ಬರುತ್ತಾರೆ. ಹಬ್ಬದ ದಿನವೇ ನಾಗಪ್ಪನನ್ನು ಕೊಲ್ಲಿಸಿದ ಪಾಪ ನನಗೆ. ಹೇಳಬಾರದು ಅಂದುಕೊಂಡೆ.

ಇಳಿಯುವಾಗ ಪಕ್ಕದ ಖೋಲಿಯ ದೇವಕ್ಕ ಚೊಂಬು ಹಿಡಿದು ಎದುರಾದಳು.

"ಗಂಡಸ್ರು ಯಾರರ ಅದಾರೇನವಾ ಅಲ್ಲಿ?"

"ಯಾರೂ ಇಲ್ಲ, ಹೋಗವಾ," ಅಂದೆ.

ಅವಳ ಹಿಮ್ಮಡಿಗೆ ಕಚ್ಚಿತು. ಮರಿಯಾದರೇನು, ವಿಷಕ್ಕೆ ವಯಸ್ಸಿಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಅವಳ ಗಂಡ ಅಣವೀರಪ್ಪ ಫೋನ್ ಮಾಡಿದ. "ಉಸರಾಡಾಕ ಮಷೀನ್ ಹಚ್ಯಾರ. ಯಾವ ಹಾವಂತ ಡಾಕ್ಟರ್ ಕೇಳಾಕತ್ತಾರ. ಆಕೀಗಿಂತ ಮೊದಲ ನೀ ಹೋಗಿದ್ದಿ, ಏನರ ಕಂಡಿತ್ತೇನು?"

ಏನೂ ಕಾಣಲಿಲ್ಲ ಅಂದುಬಿಟ್ಟೆ. ಕಂಡಿತ್ತು ಅಂದರೆ, ಮತ್ತೆ ಅವಳನ್ನು ಯಾಕೆ ಕಳಿಸಿದೆ ಅಂತ ಕೇಳುತ್ತಿದ್ದ.

ದೇವರೇ, ಯಾವ ಪಾಪಕ್ಕೆ ಹೆದರಿ ಯಾವುದನ್ನು ಮಾಡಿಕೊಂಡೆ.

ಈಗ ಹೇಳಿಬಿಡೋಣವೆಂದು ಮೂರು ಸಲ ಫೋನ್ ಹಚ್ಚಿದೆ. ಅಣವೀರಪ್ಪ ಎತ್ತುತ್ತಿಲ್ಲ. ಇನ್ನೊಂದು ಸಲ ಹಚ್ಚುತ್ತೇನೆ.